ಹಟ್ಟಿಗೆ ರಬ್ಬರ್ ಮ್ಯಾಟ್: ಗಿಡ್ಡ ದನಕ್ಕೆ ಯಾವುದು, ಹಾಸುವುದು ಹೇಗೆ

ಆರೂವರೆ ಅಡಿ ಉದ್ದ, ನಾಲ್ಕಡಿ ಅಗಲ, 17 ಮಿ.ಮೀ. ದಪ್ಪ. ಹಟ್ಟಿಗೆಂದು ಮಾರುವ ರಬ್ಬರ್ ಮ್ಯಾಟಿನ ಸಾಮಾನ್ಯ ಅಳತೆ ಇದು. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್), ಜೆರ್ಸಿಯಂಥ ದೊಡ್ಡ ದನಕ್ಕೆ ತಲೆಗೊಂದು ಎಂಬ ಲೆಕ್ಕದಲ್ಲಿ ಮಾಡಿದ್ದು. ನಮ್ಮ ಊರತಳಿಯ ಸಣ್ಣ ದನ ಕಾಸರಗೋಡು ಗಿಡ್ಡ ಇರುವುದೇ ಒಂದು ಮೀಟರಿನ ಆಸುಪಾಸು ಎತ್ತರ. ಮಳೆಗಾಲ ಕಳೆದು ಹಟ್ಟಿ ರಿಪೇರಿಗೆ ಇಳಿಯುವಾಗ, ಇನ್ನೊಬ್ಬರ ಮನೆಯಿಂದ ದನ ತರುವಾಗ, ಮ್ಯಾಟಿನ ಯೋಚನೆಯೂ ಜೊತೆಗೇ ಬರುತ್ತದೆ. ವಸ್ತು ಒಳ್ಳೆಯದು, ತೆಗೆದುಕೊಳ್ಳಬಹುದು. ಆದರೆ ಹಾಳಾದ ನೆಲವನ್ನು ಮ್ಯಾಟ್ ಸರಿಮಾಡುವುದಿಲ್ಲ, ಮುಚ್ಚುತ್ತದೆ ಅಷ್ಟೆ. ಎರಡೇ ತಿಂಗಳಲ್ಲಿ ವಾಸನೆ ಬಂತು, ಹುಳ ಆಯಿತು ಎಂದು ಮ್ಯಾಟನ್ನು ದೂರುವ ಕಡೆ ಹೆಚ್ಚಾಗಿ ತಪ್ಪಿರುವುದು ಅಡಿಯ ನೆಲದಲ್ಲಿ.

ಅಂಗಡಿಯಲ್ಲಿ ಮೊದಲು ತೂಗಿಸಿ ನೋಡಿ. ಈ ಅಳತೆಯ ಗಟ್ಟಿ ರಬ್ಬರ್ ಮ್ಯಾಟ್ 40 ಕಿಲೋ ಆಸುಪಾಸು ಅಥವಾ ಅದಕ್ಕೂ ಮೇಲೆ ತೂಗುತ್ತದೆ, ಇಬ್ಬರು ಬೇಕು ಎತ್ತಲಿಕ್ಕೆ. ಒಬ್ಬನೇ ಕಂಕುಳಲ್ಲಿ ಇಟ್ಟುಕೊಂಡು ಹೋಗುವಂಥದ್ದು ಇವಿಎ ಫೋಮ್, ಅಂದರೆ ಹಗುರವಾದ ಪ್ಲಾಸ್ಟಿಕ್ ಫೋಮು. ಕರುವಿನ ಮೂಲೆಗೆ ಅದು ಸಾಕು, ಬೆಚ್ಚಗೂ ಇರುತ್ತದೆ. ದೊಡ್ಡ ದನದ ಗೊರಸಿಗೆ ಬೇಗ ತಗ್ಗು ಬೀಳುತ್ತದೆ, ಆ ತಗ್ಗಿನಲ್ಲಿ ಗಂಜಳ ನಿಲ್ಲುತ್ತದೆ. ಎರಡನೆಯದಾಗಿ ಒಂದು ಮೂಲೆಯನ್ನು ಪೂರಾ ಮಡಚಿ ನೋಡಿ. ಮಡಿಕೆಯಲ್ಲಿ ಕೂದಲೆಳೆಯ ಬಿರುಕು ಕಂಡರೆ ಹಳೆ ಟಯರಿನ ಪುಡಿ ಜಾಸ್ತಿ ಸೇರಿಸಿದ ಮಾಲು. ಅಂಥದ್ದರ ಅಂಚಿನಲ್ಲಿ ಕೈಯಾಡಿಸಿದರೆ ಒಮ್ಮೊಮ್ಮೆ ಉಕ್ಕಿನ ತಂತಿಯ ಚೂರು ಚುಚ್ಚುತ್ತದೆ. ಕೆಚ್ಚಲು ತಾಗುವ ಜಾಗ ಅದು, ಬೇಡವೇ ಬೇಡ. ಬೆಲೆ ಹೋಲಿಸುವಾಗ ಒಂದು ಮ್ಯಾಟಿಗೆ ಎಷ್ಟು ಎನ್ನುವುದಕ್ಕಿಂತ ಕಿಲೋಗೆ ಎಷ್ಟು ಬಿತ್ತು ಎಂದು ನೋಡಿದರೆ ನಿಜ ಗೊತ್ತಾಗುತ್ತದೆ.

ಗಿಡ್ಡ ಸಾಕುವವರು ಮುಖ್ಯವಾಗಿ ನೋಡಬೇಕಾದ್ದು ಮ್ಯಾಟಿನ ಅಡಿಭಾಗ. ಮ್ಯಾಟನ್ನು ಅಡ್ಡಕ್ಕೆ ಹಾಸಿದರೆ ಆರೂವರೆ ಅಡಿಯಲ್ಲಿ ಎರಡು ಗಿಡ್ಡ ಪಕ್ಕಪಕ್ಕ ನಿಲ್ಲುತ್ತವೆ, ಒಂದಕ್ಕೆ ಮೂರೂಕಾಲು ಅಡಿ ಸಿಕ್ಕಿತು. ತಲೆಯಿಂದ ಬಾಲದ ಕಡೆಗೆ ನಾಲ್ಕಡಿ ಇರುವುದರಿಂದ ಹಿಂಗಾಲು ಅಂಚಿನಲ್ಲೇ ಬಂದು ಸೆಗಣಿ ನೇರ ಚರಂಡಿಗೆ ಬೀಳುತ್ತದೆ. ಉದ್ದಕ್ಕೆ ಹಾಸಿದರೆ ಹಿಂದೆ ಜಾಗ ಉಳಿದು ಸೆಗಣಿಯೆಲ್ಲ ಮ್ಯಾಟಿನ ಮೇಲೆ, ದನ ಮಲಗುವುದೂ ಅದರಲ್ಲೇ. ತೊಡಕು ಇರುವುದು ಎಲ್ಲಿ ಎಂದರೆ, ಹಲವು ಮ್ಯಾಟುಗಳ ಅಡಿಯಲ್ಲಿ ನೀರು ಹೋಗಲು ಉದ್ದುದ್ದ ಗೀರುಗಳಿರುತ್ತವೆ. ಅಡ್ಡ ಹಾಸಿದಾಗ ಆ ಗೀರುಗಳು ಇಳಿಜಾರಿಗೆ ಅಡ್ಡವಾಗಿ ಒಂದೊಂದೂ ಸಣ್ಣ ಕಟ್ಟದ ಹಾಗೆ ನೀರು ಹಿಡಿಯುತ್ತವೆ. ಆದ್ದರಿಂದ ಅಡಿಯಲ್ಲಿ ಉರುಟು ಗುಬ್ಬಿಗಳಿರುವ ಮ್ಯಾಟನ್ನೇ ಕೇಳಿ, ಯಾವ ದಿಕ್ಕಿಗೆ ತಿರುಗಿಸಿದರೂ ಗುಬ್ಬಿಗಳ ನಡುವೆ ನೀರು ಇಳಿಯುತ್ತದೆ. ಮಿಶ್ರತಳಿಯ ದನ ಇದ್ದರೆ ಈ ಮಾತು ಅನ್ವಯಿಸದು, ಉದ್ದಕ್ಕೇ ಹಾಸಿ.

ಇನ್ನು ನೆಲ. ಒಂದು ಕೊಡಪಾನ ನೀರನ್ನು ಬಾಯಿಕಡೆಯಿಂದ (ದನದ ತಲೆ ಇರುವ ಕಡೆ) ಸುರಿದು ನೋಡಿ. ಹತ್ತು ನಿಮಿಷದ ಮೇಲೂ ಎಲ್ಲಿ ನಿಂತಿದೆಯೋ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ, ರಿಪೇರಿ ಅಷ್ಟಕ್ಕೇ. ಇಳಿಜಾರು ಆರಡಿಗೆ ಒಂದೂವರೆ ಇಂಚು ಇರಲಿ. ಜಾಸ್ತಿಯಾದರೆ ಗಬ್ಬದ ದನಕ್ಕೆ ಹಿಂಭಾಗದಲ್ಲಿ ಭಾರ ಬೀಳುತ್ತದೆ. ಗುಂಡಿ ಬಿದ್ದಲ್ಲಿ ಹಾಗೆಯೇ ಗಾರೆ ತುಂಬಿಸಬಾರದು. ಗಂಜಳ ಕುಡಿದ ಸಿಮೆಂಟು ಮೇಲ್ಪದರದಲ್ಲಿ ಹೊಯಿಗೆಯ ಹಾಗೆ ಉದುರುತ್ತದೆ, ಉಳಿಯಿಂದ ಗಟ್ಟಿ ನೆಲ ಸಿಗುವ ತನಕ ಕೆತ್ತಿ, ತೊಳೆದು, ಒದ್ದೆ ಇರುವಾಗಲೇ ಸಿಮೆಂಟಿನ ಹಾಲು ಬಳಿದು, ಆಮೇಲೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಹೊಯಿಗೆಯ ಗಾರೆ. ಈ ಕೆತ್ತುವ ಕೆಲಸ ತಪ್ಪಿಸಿದ ತೇಪೆ ಮುಂದಿನ ಆಟಿಯಲ್ಲಿ (ಜುಲೈ–ಆಗಸ್ಟ್ ಮಳೆಗಾಲ) ಹಪ್ಪಳದ ಹಾಗೆ ಎದ್ದು ಬರುತ್ತದೆ. ಮೇಲ್ಮೈ ನಯ ಬೇಡ, ಗಾರೆ ಹಸಿ ಇರುವಾಗ ಹಿಡಿಸೂಡಿಯಿಂದ ಚರಂಡಿಯ ಕಡೆಗೆ ಗೀರಿ ಬಿಡಿ. ಏಳು ದಿನ ನೀರು ಹಾಯಿಸಬೇಕು. ದನ ಕಟ್ಟಲು ಎರಡು ವಾರ ಕಾಯಬೇಕು, ಹೊಸ ಸಿಮೆಂಟಿನ ಕ್ಷಾರ ಗೊರಸಿನ ಸಂದಿಯನ್ನು ಸುಡುತ್ತದೆ. ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನ ಕಳೆದೇ ಬರುವುದು, ಹಾಗಾಗಿ ಗಾರೆ ಕೆಲಸ ಬೆಳಗ್ಗೆಯೇ ಮುಗಿಯಲಿ. ಮಾಡಿನ ಒಡೆದ ಹಂಚು, ಕುಂಬಾದ ರೀಪು ಬದಲಿಸುವುದು ಇದಕ್ಕಿಂತ ಮೊದಲು.

ದನದ ರಕ್ತ ಹೀರುವ ಉಣ್ಣೆಹುಳದ ಕಾಟ ಇದ್ದ ಹಟ್ಟಿಯಾದರೆ ಮ್ಯಾಟ್ ಬರುವ ಮೊದಲೇ ಕೆಂಪುಕಲ್ಲಿನ ಸಂದು, ಬಿರುಕುಗಳಿಗೆ ಬ್ಲೋಲ್ಯಾಂಪಿನಿಂದ ಬೆಂಕಿ ತೋರಿಸಿ, ಗಾರೆ ತುಂಬಿಸಿ, ಸುಣ್ಣ ಬಳಿಯಿರಿ. ಉಣ್ಣೆ ಮೊಟ್ಟೆ ಇಡುವುದು ಗೋಡೆಯ ಸಂದಿಯಲ್ಲಿ. ದನದ ಮೈಗೆ ಮಾತ್ರ ಮದ್ದು ಹೊಡೆದರೆ ಪ್ರಯೋಜನವಿಲ್ಲ.

ಹಾಸುವಾಗ ಗೋಡೆಯಿಂದ ಅರ್ಧ ಇಂಚು ಬಿಡಿ, ಬಿಸಿಲಿಗೆ ರಬ್ಬರ್ ಹಿಗ್ಗಿ ಉಬ್ಬುತ್ತದೆ. ಬಾಯಿಕಡೆ ಮಾತ್ರ ಎರಡು ಬೋಲ್ಟ್, ಅಗಲ ವಾಷರ್ ಹಾಕಿ, ತಲೆ ಮ್ಯಾಟಿನ ಮಟ್ಟಕ್ಕಿಂತ ಕೆಳಗೆ ಕೂರುವ ಹಾಗೆ. ನಾಲ್ಕು ಮೂಲೆಗೂ ಬೋಲ್ಟ್ ಹೊಡೆಯುವ ಫಿಟ್ಟರನ್ನು ತಡೆಯಿರಿ: ಚರಂಡಿಯ ಕಡೆ ಬಿಡಿಯಾಗಿದ್ದರೆ ವಾರಕ್ಕೊಮ್ಮೆ ಎತ್ತಿ ಅಡಿಗೆ ನೀರು ಬಿಡಬಹುದು. ಆ ಅಂಚಿನಲ್ಲಿ ತೂತು ಮಾಡಿ ತೆಂಗಿನ ಹುರಿಹಗ್ಗದ ಕುಣಿಕೆ ಹಾಕಿದರೆ ಎತ್ತಲು ಹಿಡಿ ಆಯಿತು. ಕತ್ತರಿಸಬೇಕಾದರೆ ಕತ್ತಿಯ ಬಾಯಿಗೆ ಸಾಬೂನು ನೀರು ಸವರುತ್ತಾ ಎರಡು ಮೂರು ಸಲ ಗೀರಿ, ಒಂದೇ ಏಟಿಗೆ ಬರುವುದಿಲ್ಲ. ಡೀಸೆಲ್, ಸೀಮೆಎಣ್ಣೆ ತಾಗಿಸಬೇಡಿ, ರಬ್ಬರ್ ಊದಿ ಮೆತ್ತಗಾಗುತ್ತದೆ.

ಹೊಸ ದನ ಬಂದಾಗ ಒಂದು ಮ್ಯಾಟನ್ನು ಬೇರೆ ಮಾಡಿನಡಿ ಹಾಸಿ, ಉಳಿದವುಗಳಿಂದ ಮೂರು ವಾರ ದೂರ ಕಟ್ಟಿ. ಎರಡೂ ಜಾಗದ ಚರಂಡಿ ಒಂದೇ ಆಗಿರಬಾರದು. ಕಾಲುಬಾಯಿ ಜ್ವರದ ಲಸಿಕೆ ಯಾವಾಗ ಹಾಕಿದ್ದು, ಕಿವಿಯ ಟ್ಯಾಗಿನ 12 ಅಂಕೆ ಯಾರ ಹೆಸರಿನಲ್ಲಿದೆ ಎಂದು ಕೊಡುವವರ ಹತ್ತಿರವೇ ಕೇಳಿ, ಮೃಗಾಸ್ಪತ್ರೆಯಲ್ಲಿ ಹೆಸರು ಬದಲಿಸಿಕೊಳ್ಳಿ. ಗಡಿ ದಾಟಿ ಕರ್ನಾಟಕದ ಪುತ್ತೂರು, ಸುಳ್ಯದ ಕಡೆಗೆ ಕೊಡುವುದಾದರೆ ಗಾಡಿ ಹೊರಡುವ ಮೊದಲೇ ಪಶುವೈದ್ಯರ ಸರ್ಟಿಫಿಕೇಟ್, ಬೇಕಾದ ಪರವಾನಗಿ ಕೈಯಲ್ಲಿರಲಿ. ಮೂರು ವಾರ ಕಳೆದ ಮೇಲೆ ಆ ಮ್ಯಾಟನ್ನು 10 ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಕಲಸಿ ಎರಡೂ ಬದಿ ತೊಳೆಯಬೇಕು.

ನೆಲಕ್ಕೆ ಸೊಪ್ಪು ಹಾಸುವ ಹಟ್ಟಿಯಿಂದ ಬಂದ ದನ ಮ್ಯಾಟಿನ ಮೇಲೆ ಕೂಡಲೇ ಮಲಗುವುದಿಲ್ಲ. ಕಾಲಡಿ ಮೆತ್ತಗೆ ಕುಸಿಯುವುದು ಅದಕ್ಕೆ ಹೆದರಿಕೆ, ಹೊಸ ರಬ್ಬರಿನ ವಾಸನೆ ಬೇರೆ. ಮೊದಲೇ ಸಾಬೂನು ನೀರಿನಲ್ಲಿ ಉಜ್ಜಿ ಗಾಳಿಗೆ ಇಟ್ಟ ಮ್ಯಾಟ್ ಆಗಲಿ, ಮೇಲೆ ಎರಡು ಹಿಡಿ ಬೈಹುಲ್ಲು ಹರಡಿ, ದಿನಕ್ಕೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾ ಬನ್ನಿ. ಬೆಳಗ್ಗೆ ಹೋಗಿ ಹೊಟ್ಟೆಯ ಪಕ್ಕ ನೋಡಿ, ಮ್ಯಾಟಿನ ಅಚ್ಚು ಮೂಡಿದ್ದರೆ ಮಲಗಿದೆ. ಮೂರು ರಾತ್ರಿ ಕಳೆದರೂ ಮೂಡದಿದ್ದರೆ ಹಗ್ಗ ಗಿಡ್ಡವಾಯಿತೋ ನೋಡಿ.

ಎಲ್ಲ ಹಟ್ಟಿಗೂ ಮ್ಯಾಟ್ ಬೇಕೆಂದಿಲ್ಲ. ಗೋಬರ್ ಗ್ಯಾಸ್ ಇದ್ದು ಸ್ಲರಿಯನ್ನು ತೋಟಕ್ಕೆ ಬಿಡುವವರಿಗೆ ಇದು ಹೇಳಿ ಮಾಡಿಸಿದ್ದು. ಗುಡ್ಡೆಯ ಸೊಪ್ಪು, ತರಗೆಲೆ ಹಾಕಿ ದನ ಮೆಟ್ಟಿದ ಗೊಬ್ಬರವನ್ನೇ ಅಡಿಕೆ ಬುಡಕ್ಕೆ ಕೊಡುವ ಮನೆಯಾದರೆ ಸೊಪ್ಪು ತರುವ ಜನ ಇರುವ ತನಕ ಅದನ್ನೇ ಮುಂದುವರಿಸಿ. ಅಂಥಲ್ಲಿ ಹಾಲು ಕರೆಯುವ ಜಾಗಕ್ಕೆ, ಕಾಲು ನೋವಿನ ಮುದಿ ದನಕ್ಕೆ ಒಂದು ಮ್ಯಾಟ್ ತಂದರೆ ಸಾಕು.