ಗಿಟ್ ಸ್ವಿಚ್‌ಗೆ ಪೂರ್ಣ ಅಂಕ, ರಿಸ್ಟೋರ್‌ಗೆ ಅರ್ಧ

ತಂಡಕ್ಕೆ ಹೊಸದಾಗಿ ಸೇರುವ ಎಂಜಿನಿಯರುಗಳಿಗೆ ಕೋಡಿನ ಬದಲಾವಣೆಗಳ ಇತಿಹಾಸ ಕಾಯ್ದಿಡುವ ಗಿಟ್ ಎಂಬ ಸಾಧನವನ್ನು ಹೇಳಿಕೊಡುವ ಕೆಲಸ ನನ್ನದು. ಅವರಿಗೆ ನಾನೀಗ ‘ಚೆಕ್‌ಔಟ್’ ಆದೇಶವನ್ನು ಕಲಿಸುವುದೇ ಇಲ್ಲ. ಬ್ರಾಂಚ್ (ಕೋಡಿನ ಬೇರೆ ಬೇರೆ ಕವಲು) ಬದಲಿಸುವುದಕ್ಕೂ ಅದೇ, ಫೈಲಿನಲ್ಲಿ ಮಾಡಿದ ತಿದ್ದುಪಡಿಯನ್ನು ಅಳಿಸಿಹಾಕುವುದಕ್ಕೂ ಅದೇ. ಬ್ರಾಂಚ್ ಬದಲಿಸುವಾಗ ನಿಮ್ಮ ತಿದ್ದುಪಡಿಗೆ ಧಕ್ಕೆಯಾಗುವಂತಿದ್ದರೆ ಅದು ಮುಂದೆ ಹೋಗಲು ಒಪ್ಪುವುದಿಲ್ಲ. ಫೈಲಿನ ಹೆಸರು ಕೊಟ್ಟಿರೋ, ಕೇಳದೆಯೇ ತಿದ್ದುಪಡಿಯನ್ನು ಅಳಿಸುತ್ತದೆ. ಇಂಥ ಆದೇಶವನ್ನು ಹೊಸಬರ ಕೈಗೆ ಕೊಡುವುದು ಅನ್ಯಾಯ.

2019ರ ಆಗಸ್ಟ್‌ನಲ್ಲಿ ಬಂದ ಗಿಟ್ 2.23 ಈ ಎರಡು ಕೆಲಸಗಳನ್ನು ‘ಸ್ವಿಚ್’ ಮತ್ತು ‘ರಿಸ್ಟೋರ್’ ಎಂದು ಬೇರೆ ಮಾಡಿತು. ಅವುಗಳ ಮೇಲಿದ್ದ ‘ಪ್ರಾಯೋಗಿಕ’ ಎಂಬ ಪಟ್ಟಿ ಕಳಚಿದ್ದು 2025ರಲ್ಲಿ, 2.51ನೇ ಆವೃತ್ತಿಯಲ್ಲಿ. ಇಷ್ಟು ತಡವಾಗಬಾರದಿತ್ತು.

ಸ್ವಿಚ್ ನನಗೆ ತುಂಬಾ ಹಿಡಿಸಿದೆ. ಬ್ರಾಂಚಿನ ಬದಲು ಯಾವುದೋ ಹಳೆಯ ಕಮಿಟ್‌ನ (ಗಿಟ್‌ನಲ್ಲಿ ದಾಖಲಾದ ಒಂದು ಹಂತದ) ಸಂಖ್ಯೆ ಕೊಟ್ಟರೆ ಚೆಕ್‌ಔಟ್ ನಿಮ್ಮನ್ನು ಅಲ್ಲಿಗೆ ಒಯ್ದು ಬಿಟ್ಟು, ಆಮೇಲೆ ಉದ್ದನೆಯ ಉಪದೇಶ ಹೇಳುತ್ತದೆ. ಸ್ವಿಚ್ ಹೊಸ್ತಿಲಲ್ಲೇ ತಡೆಯುತ್ತದೆ: ನಿಜವಾಗಿ ಅಲ್ಲಿಗೇ ಹೋಗಬೇಕಿದ್ದರೆ ‘ಡಿಟ್ಯಾಚ್’ (ಬ್ರಾಂಚಿನಿಂದ ಬೇರೆಯಾಗು) ಎಂದು ಬರೆಯಿರಿ ಎನ್ನುತ್ತದೆ. ಬ್ರಾಂಚುಗಳನ್ನು ಬೆಸೆಯುವ ಮರ್ಜ್ ಅರ್ಧಕ್ಕೆ ನಿಂತಿದ್ದರೂ ಜಾಗ ಬಿಟ್ಟು ಕದಲಗೊಡುವುದಿಲ್ಲ. ಹೊಸಬರಿಗೆ ಬೇಕಾದ ಧೈರ್ಯ ಇದೇ.

ರಿಸ್ಟೋರ್ ವಿಷಯದಲ್ಲಿ ನನ್ನ ತಕರಾರಿದೆ. ಏನು ಮಾಡುತ್ತದೆ ಎಂಬುದು ಹೆಸರಿನಿಂದಲೇ ತಿಳಿಯುತ್ತದೆ, ಫೈಲುಗಳ ಸ್ಥಿತಿ ತೋರಿಸುವ ‘ಸ್ಟೇಟಸ್’ ಆದೇಶ ಕೂಡ ಬೇಕಾದ ಕಡೆ ಅದನ್ನೇ ಸೂಚಿಸುತ್ತದೆ, ಅಷ್ಟು ಸರಿ. ಆದರೆ ಅದರ ಮುಂದೆ ಒಂದು ಚುಕ್ಕಿ ಇಟ್ಟು ಎಂಟರ್ ಒತ್ತಿದರೆ, ಆ ಫೋಲ್ಡರಿನಲ್ಲಿ ಇನ್ನೂ ಸ್ಟೇಜ್ ಮಾಡದ (ಮುಂದಿನ ಕಮಿಟ್‌ಗೆಂದು ಆರಿಸಿಡದ) ತಿದ್ದುಪಡಿಗಳೆಲ್ಲ ಮಾಯ. ಪ್ರಶ್ನೆಯಿಲ್ಲ, ಪರದೆಯ ಮೇಲೆ ಒಂದು ಸಾಲೂ ಮೂಡುವುದಿಲ್ಲ. ಅವು ಎಂದೂ ಕಮಿಟ್ ಆಗಿರದ ಕಾರಣ ಹಿಂದಿನ ಕಮಿಟ್‌ಗಳ ಜಾಡು ಇಡುವ ರಿಫ್ಲಾಗ್‌ನಲ್ಲೂ ಸಿಗುವುದಿಲ್ಲ. ಇದೇ ಗಿಟ್‌ನ ‘ಕ್ಲೀನ್’ ಆದೇಶ, ಸಾಮಾನ್ಯ ವ್ಯವಸ್ಥೆಯಲ್ಲಿ, ಬಲವಂತದ ಆಯ್ಕೆ ಕೊಡದೆ ಒಂದು ಫೈಲನ್ನೂ ಅಳಿಸುವುದಿಲ್ಲ. ಆ ಎಚ್ಚರ ಇಲ್ಲೇಕೆ ಬೇಡವಾಯಿತು?

ಕೇಳುತ್ತಿರುವುದು ಅಸಾಧ್ಯವಾದದ್ದನ್ನೇನಲ್ಲ. ಜುಜುತ್ಸು ಎಂಬ ಹೊಸ ಸಾಧನ ಸಾಮಾನ್ಯವಾಗಿ ಪ್ರತಿ ಆದೇಶಕ್ಕೂ ಮೊದಲು ನಿಮ್ಮ ಫೈಲುಗಳ ಸ್ಥಿತಿಯನ್ನು ದಾಖಲಿಸಿಕೊಳ್ಳುತ್ತದೆ. ತಪ್ಪಾದರೆ ‘ಅನ್‌ಡೂ’ ಎಂದರೆ ಸಾಕು. ಗಿಟ್‌ನಲ್ಲಿ ಆ ಸೌಲಭ್ಯ ಬರುವವರೆಗೆ ನನ್ನ ತರಗತಿಯಲ್ಲಿ ತಿದ್ದುಪಡಿಗಳನ್ನು ಪಕ್ಕಕ್ಕೆ ಎತ್ತಿಡುವ ‘ಸ್ಟ್ಯಾಶ್’ ಮೊದಲು, ರಿಸ್ಟೋರ್ ಆಮೇಲೆ.