ಮಡಿಕೇರಿಯ ಚರಿತ್ರೆ ನಡಿಗೆ: ಎಂಟು ಗಂಟೆ, ಒಂಬೈನೂರು ರೂಪಾಯಿ, ಅರ್ಧಕ್ಕೆ ನಿಂತ 1837

ಮಡಿಕೇರಿಗೆ ಬಂದವರನ್ನು ಅಬ್ಬಿ ಜಲಪಾತಕ್ಕೆ ಕರೆದೊಯ್ದು, ಕಾಫಿಪುಡಿಯ ಅಂಗಡಿಯ ಮುಂದೆ ಇಳಿಸಿ, ರಾಜಾಸೀಟಿನಲ್ಲಿ ಸೂರ್ಯಾಸ್ತ ತೋರಿಸಿ ಕಳುಹಿಸುವ ಜೀಪುಗಳಿಗೆ ಇಲ್ಲಿ ಕೊರತೆಯಿಲ್ಲ. ಕಳೆದ ನವೆಂಬರಿನಲ್ಲಿ ನಾನು ಹಣ ಕೊಟ್ಟು ಸೇರಿಕೊಂಡದ್ದು ಬೇರೆ ಬಗೆಯ ಸೇವೆಗೆ. ನಿವೃತ್ತ ಪ್ರೌಢಶಾಲಾ ಮೇಷ್ಟ್ರೊಬ್ಬರು ಶನಿವಾರಗಳಂದು, ಹತ್ತು ಜನರಿಗೆ ಮೀರದ ಗುಂಪನ್ನು ಕಟ್ಟಿಕೊಂಡು, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ನಡೆಸುವ ಚರಿತ್ರೆಯ ನಡಿಗೆ ಅದು. ತಲೆಗೆ ಒಂಬೈನೂರು ರೂಪಾಯಿ. ಮಧ್ಯಾಹ್ನದ ಊಟವೂ ಅದರಲ್ಲೇ ಸೇರಿದೆ. ಪದವಿಪೂರ್ವ ತರಗತಿಗಳಿಗೆ ಇತಿಹಾಸ ಹೇಳುವ ನನಗೆ ಇದರಲ್ಲಿ ಸ್ವಂತದ ಆಸಕ್ತಿಯೂ ಇತ್ತು. ಅಫೀಮು ಯುದ್ಧ, ಮೇಜಿ ಜಪಾನ್, ರಷ್ಯಾದ ಕ್ರಾಂತಿಗಳನ್ನು ಪರೀಕ್ಷೆಗಾಗಿ ಉರು ಹೊಡೆಯುವ ನಮ್ಮ ಮಕ್ಕಳಿಗೆ ಆ ಚರಿತ್ರೆ ತಮ್ಮ ಮನೆಯ ಅಂಗಳವನ್ನೂ ಹಾದುಹೋಗಿದೆ ಎಂದು ತೋರಿಸುವುದು ಹೇಗೆಂಬ ಪ್ರಶ್ನೆ ವರ್ಷಗಳಿಂದ ನನ್ನನ್ನು ಕಾಡುತ್ತಿದೆ.

ನಡಿಗೆ ಆರಂಭವಾಗುವುದು ಕೋಟೆಯ ಬಾಗಿಲಲ್ಲಿ. ಮುದ್ದುರಾಜ ಕಟ್ಟಿಸಿದ ಮಣ್ಣಿನ ಕೋಟೆ, ಟಿಪ್ಪು ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಕರೆದದ್ದು, ಲಿಂಗರಾಜೇಂದ್ರನ ಕಾಲದ ಅರಮನೆ, ಗಾರೆಯ ಎರಡು ಆನೆಗಳು, ಇವನ್ನೆಲ್ಲ ಮೇಷ್ಟ್ರು ಇಪ್ಪತ್ತು ನಿಮಿಷದಲ್ಲಿ ಮುಗಿಸಿದರು. ಅದು ಸರಿಯಾಗಿಯೇ ಇತ್ತು, ಏಕೆಂದರೆ ಅಷ್ಟನ್ನು ಯಾವ ಗೈಡ್ ಆದರೂ ಹೇಳುತ್ತಾನೆ. ಅನಂತರ ಅವರು ಅರಮನೆಯ ಜಗಲಿಯ ಮೇಲೆ ನಮ್ಮನ್ನು ಕೂರಿಸಿ, ತಾವೇ ಬಟ್ಟೆಯ ಮೇಲೆ ಬರೆದ ಲೋಕದ ನಕ್ಷೆಯೊಂದನ್ನು ಬಿಡಿಸಿದರು. ಇಡೀ ದಿನದಲ್ಲಿ ಒಂಬೈನೂರು ರೂಪಾಯಿಗೆ ತಕ್ಕ ಒಂದೇ ಗಳಿಗೆಯನ್ನು ಹೆಸರಿಸಿ ಎಂದರೆ ನಾನು ಇದನ್ನೇ ಹೆಸರಿಸುತ್ತೇನೆ.

ನಕ್ಷೆಯಲ್ಲಿ ಕೊಡಗಿನ ಜಾಗಕ್ಕೆ ಒಂದು ಕಾಫಿಬೀಜ, ಅದರ ಪಕ್ಕದಲ್ಲಿ 1834. ಫ್ರೆಂಚರು ಅಲ್ಜೀರಿಯಾಕ್ಕೆ ಇಳಿದದ್ದು 1830ರಲ್ಲಿ. ಚೀನಾದ ಮೇಲೆ ಬ್ರಿಟಿಷರ ಅಫೀಮು ಯುದ್ಧ ಆರಂಭವಾದದ್ದು 1839ರಲ್ಲಿ, ನಾನ್‌ಜಿಂಗ್ ಒಪ್ಪಂದದಿಂದ ಹಾಂಗ್‌ಕಾಂಗ್ ಅವರ ಕೈಸೇರಿದ್ದು 1842ರಲ್ಲಿ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಪತನ ಅಲ್ಜೀರಿಯಾ, ಚೀನಾಗಳ ಈ ಎರಡು ಘಟನೆಗಳ ನಡುವೆ ಬರುತ್ತದೆ. ಆದರೆ ಮೇಷ್ಟ್ರು ಬಹಳ ಹೊತ್ತು ಬೆರಳಿಟ್ಟು ನಿಂತದ್ದು ಸಿಂಹಳದ ಕ್ಯಾಂಡಿಯ ಮೇಲೆ. ಅದೂ ನಮ್ಮದರಂತೆ ಬೆಟ್ಟಕಾಡುಗಳ ನಡುವಿನ ರಾಜ್ಯ. ಅಲ್ಲಿಯೂ ಅರಸ ಕ್ರೂರಿ ಎಂಬುದೇ ದಂಡಯಾತ್ರೆಗೆ ಕೊಟ್ಟ ಕಾರಣ. ಅಲ್ಲಿಯೂ ಅರಸನಿಂದ ನೊಂದ ಪ್ರಮುಖರು ಬ್ರಿಟಿಷರ ಪಕ್ಷ ವಹಿಸಿದರು. 1815ರ ಮಾರ್ಚಿನಲ್ಲಿ ಆ ಪ್ರಮುಖರ ರುಜು ಹಾಕಿಸಿಯೇ ರಾಜ್ಯವನ್ನು ವಶಪಡಿಸಿಕೊಳ್ಳಲಾಯಿತು. ಮಡಿಕೇರಿಯಲ್ಲಿ 1834ರ ಮೇ 7ರಂದು ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯೂ ಕೊಡಗಿನ ನಿವಾಸಿಗಳ ಒಮ್ಮತದ ಇಚ್ಛೆಯಂತೆ ದೇಶವನ್ನು ಈಸ್ಟ್ ಇಂಡಿಯಾ ಕಂಪೆನಿಯ ಆಳ್ವಿಕೆಗೆ ತೆಗೆದುಕೊಳ್ಳಲಾಗಿದೆ ಎಂದೇ ಹೇಳುತ್ತದೆ. ಕ್ಯಾಂಡಿಯ ಕೊನೆಯ ಅರಸ ವಿಕ್ರಮರಾಜಸಿಂಹನನ್ನು ಸೆರೆಯಾಗಿಟ್ಟದ್ದು ವೆಲ್ಲೂರಿನ ಕೋಟೆಯಲ್ಲಿ; ಅವನು ಅಲ್ಲಿಯೇ ತೀರಿಕೊಂಡದ್ದು 1832ರಲ್ಲಿ. ಎರಡು ವರ್ಷಗಳ ಬಳಿಕ, ಕಾಶಿಗೆ ಕಳುಹಿಸುವ ಮುನ್ನ, ನಮ್ಮ ಅರಸನನ್ನು ಕರೆದೊಯ್ದದ್ದೂ ಅದೇ ವೆಲ್ಲೂರಿಗೆ. ಇಪ್ಪತ್ತು ವರ್ಷ ಪಾಠ ಹೇಳಿದ ನಾನು ಈ ಎರಡು ಸಂಗತಿಗಳನ್ನು ಎಂದೂ ಒಂದರ ಪಕ್ಕ ಒಂದಿಟ್ಟು ನೋಡಿರಲಿಲ್ಲ. ಚಿಕ್ಕವೀರರಾಜೇಂದ್ರ ಒಳ್ಳೆಯ ಅರಸನಾಗಿದ್ದನೇ ಎಂದು ಗುಂಪಿನಲ್ಲಿದ್ದ ಮಂಗಳೂರಿನ ದಂಪತಿ ಕೇಳಿದಾಗ ಮೇಷ್ಟ್ರು ಅವನನ್ನು ಸಮರ್ಥಿಸುವ ಗೋಜಿಗೆ ಹೋಗಲಿಲ್ಲ. ಅರಸ ಕೆಟ್ಟವನಾಗಿದ್ದನೆಂಬುದು ಒಂದು ಮಾತು, ಅದಕ್ಕಾಗಿ ದೇಶವೇ ಪರರದಾಗಬೇಕೆಂಬುದು ಇನ್ನೊಂದು ಮಾತು, ಮೊದಲನೆಯದನ್ನು ಒಪ್ಪಿದವರೆಲ್ಲ ಎರಡನೆಯದಕ್ಕೆ ಒಪ್ಪಿದಂತಾಗುವುದಿಲ್ಲ ಎಂದು ಮಾತ್ರ ಹೇಳಿದರು.

ಚಿಕ್ಕವೀರರಾಜೇಂದ್ರನ ಮಗಳು ರಾಜಕುಮಾರಿ ಗೌರಮ್ಮನ ಕಥೆಯನ್ನು ಅವರು ಹೇಳುವ ರೀತಿಯೂ ಮೆಚ್ಚುವಂಥದ್ದು. 1852ರಲ್ಲಿ ತಂದೆಯೊಡನೆ ಇಂಗ್ಲೆಂಡಿಗೆ ಹೋದ ಹುಡುಗಿ ವಿಕ್ಟೋರಿಯಾ ರಾಣಿಯನ್ನೇ ಧರ್ಮಮಾತೆಯಾಗಿ ಪಡೆದು ಕ್ರೈಸ್ತಳಾದದ್ದನ್ನು ಎಲ್ಲರೂ ಬೆರಗಿನಿಂದ ಹೇಳುತ್ತಾರೆ. ಮೇಷ್ಟ್ರು ಹೇಳಿದ್ದು ಲೆಕ್ಕದ ಕಥೆ. ಕೊಡಗಿನ ಹಿಂದಿನ ಅರಸ ದೊಡ್ಡವೀರರಾಜೇಂದ್ರ ತನ್ನ ಮಗಳ ಹೆಸರಿನಲ್ಲಿ ಕಂಪೆನಿಯ ಸಾಲಪತ್ರಗಳಲ್ಲಿ ತೊಡಗಿಸಿದ್ದ ಹಣವನ್ನು ಕಂಪೆನಿಯೇ ನುಂಗಿತ್ತು. ಅದನ್ನು ವಾಪಸು ಕೇಳಿ ಪದಚ್ಯುತ ಅರಸ ಲಂಡನ್ನಿನ ನ್ಯಾಯಾಲಯದ ಮೆಟ್ಟಿಲು ಹತ್ತಿದ. ತೀರ್ಪು ಬರುವ ಮುಂಚೆಯೇ, 1859ರಲ್ಲಿ, ಅಲ್ಲಿಯೇ ತೀರಿಕೊಂಡ. ಮರುವರ್ಷ ಬಂದ ತೀರ್ಪೂ ಕಂಪೆನಿಯ ಪರವಾಗಿಯೇ ಇತ್ತು. ರಾಣಿಯ ಅಪೇಕ್ಷೆಯಂತೆ ಗೌರಮ್ಮನನ್ನು ಮದುವೆಯಾಗಬೇಕಿದ್ದವನು ಪಂಜಾಬಿನ ದುಲೀಪ್ ಸಿಂಗ್. ಅವನೂ ಬಾಲ್ಯದಲ್ಲೇ ರಾಜ್ಯ ಕಳೆದುಕೊಂಡವನು. ಆ ಸಂಬಂಧ ಕೂಡಲಿಲ್ಲ. 1864ರಲ್ಲಿ, ಇಪ್ಪತ್ತಮೂರರ ಆಸುಪಾಸಿನಲ್ಲಿ, ಗೌರಮ್ಮ ತೀರಿಕೊಂಡಳು.

ಇಷ್ಟು ಚೆನ್ನಾಗಿ ನಡೆದ ಬೆಳಗು 1837ಕ್ಕೆ ಬಂದಾಗ ಎಡವಿತು. ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲಿಯೇ. ಅಮರಸುಳ್ಯದ ದಂಗೆಗೆ ಅವರು ಕೊಟ್ಟದ್ದು ಬರೀ ಹತ್ತು ನಿಮಿಷ. ಕೊಡಗಿನ ಅರಸರ ಕೈಯಲ್ಲಿದ್ದ ಸುಳ್ಯ, ಪುತ್ತೂರು ಸೀಮೆಗಳನ್ನು ಕಂಪೆನಿ ಕೆನರಾ ಜಿಲ್ಲೆಗೆ ಸೇರಿಸಿದ್ದು, ಅದುವರೆಗೆ ಬೆಳೆಯ ರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತರು ಇದ್ದಕ್ಕಿದ್ದಂತೆ ನಗದು ಹಣ ಹೊಂದಿಸಬೇಕಾಗಿ ಬಂದದ್ದು, ದಂಗೆಯ ದಂಡು 1837ರ ಏಪ್ರಿಲ್ 5ರಂದು ಮಂಗಳೂರನ್ನೇ ಹಿಡಿದು ಸುಮಾರು ಎರಡು ವಾರ ಉಳಿಸಿಕೊಂಡದ್ದು, ಇವೆಲ್ಲ ಓಡುವ ವಾಕ್ಯಗಳಲ್ಲಿ ಬಂದು ಹೋದವು. ದಂಗೆಯ ನಾಯಕರಲ್ಲೊಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಗಲ್ಲಿಗೇರಿಸಿದ್ದು ಇದೇ ಕೋಟೆಯಲ್ಲಿ. ನಾವು ಆ ನೆಲದ ಮೇಲೆ ನಿಂತಿದ್ದೆವು. ಆದರೂ ಮೇಷ್ಟ್ರು ಗಡಿಯಾರ ನೋಡಿ ಮುಂದಕ್ಕೆ ಹೊರಟರು. ಸುಳ್ಯದಿಂದ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು, “ಮೇಷ್ಟ್ರೇ, ದಂಗೆಯನ್ನು ಅಡಗಿಸಿದವರು ಯಾರು?” ಎಂದು ಕೇಳಿದಳು. “ಅದು ದೊಡ್ಡ ವಿಷಯ ಮಗಳೇ, ಊಟಕ್ಕೆ ಹೊತ್ತಾಯಿತು” ಎಂಬ ಉತ್ತರ ಬಂತು.

ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ದಂಗೆಯನ್ನು ಅಡಗಿಸಲು ಕಂಪೆನಿಗೆ ನೆರವಾದವರಲ್ಲಿ ಕೊಡಗಿನ ಮನೆತನಗಳವರೂ ಇದ್ದರು. ಅವರ ನಿಷ್ಠೆಗೆಂದು ಕೊಡವ ಯೋಧನ ಚಿತ್ರ ಕೆತ್ತಿದ ಚಿನ್ನ, ಬೆಳ್ಳಿಯ ಪದಕಗಳನ್ನು ಕೊಡಲಾಯಿತು. 1857ರ ಬಳಿಕ, 1861ರಲ್ಲಿ, ಕೊಡವರಿಗೂ ವಂಶಪಾರಂಪರ್ಯ ಹಕ್ಕಿನ ಜಮ್ಮಾ ಭೂಮಿಯವರಿಗೂ ಕೋವಿಯ ಪರವಾನಗಿಯಿಂದ ಸಿಕ್ಕ ವಿನಾಯಿತಿಯ ಹಿಂದೆಯೂ ಅದೇ ನಿಷ್ಠೆಯ ಮಾತಿದೆ. ಕೊಡವರ ಆಯುಧಪೂಜೆಯಾದ ಕೈಲ್‌ಪೋಳ್ದ್ ಹಬ್ಬದಲ್ಲಿ ನಾವು ಭಕ್ತಿಯಿಂದ ಹೂವೇರಿಸಿ ಪೂಜಿಸುವ ಕೋವಿಯ ಹಕ್ಕಿಗೆ ಈ ಹಿನ್ನೆಲೆಯೂ ಇದೆಯೆಂದು ಹತ್ತು ಜನರ ಮಿಶ್ರ ಗುಂಪಿನಲ್ಲಿ ಹೇಳುವುದು ಸುಲಭವಲ್ಲ. ಹಾಗೆಂದು ಬಿಟ್ಟುಬಿಡುವಂಥದ್ದೂ ಅಲ್ಲ. ಕ್ಯಾಂಡಿಯ ಪ್ರಮುಖರು ಬ್ರಿಟಿಷರ ಪಕ್ಷ ವಹಿಸಿದ್ದನ್ನು ಬಿಡಿಸಿ ಹೇಳಿದ ಮೇಷ್ಟ್ರು, ಎರಡೇ ವರ್ಷಗಳ ಬಳಿಕ, 1817ರಲ್ಲಿ, ಅದೇ ಕ್ಯಾಂಡಿಯ ಜನ ಬ್ರಿಟಿಷರ ವಿರುದ್ಧ ಎದ್ದದ್ದನ್ನೂ ನಮ್ಮ 1837ರ ಪಕ್ಕದಲ್ಲಿ ಇಡಬಹುದಿತ್ತು. ಒಪ್ಪಿಕೊಂಡವರು, ಎದ್ದು ನಿಂತವರು, ಎದ್ದವರನ್ನು ಹಿಡಿದುಕೊಟ್ಟವರು ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ಬಾಳಿದ್ದಾರೆ. ಸಾಮ್ರಾಜ್ಯಗಳು ಹೊರಗಿನ ತೋಪಿನ ಬಲವೊಂದರಿಂದಲೇ ನಿಲ್ಲಲಿಲ್ಲ ಎಂಬುದನ್ನು ಕಲಿಯಲು ಮಡಿಕೇರಿಯ ಕೋಟೆಗಿಂತ ತಕ್ಕ ತರಗತಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಊಟ ಪೇಟೆಯ ಒಂದು ಮನೆಯಲ್ಲಿ. ಅಕ್ಕಿ ಒಟ್ಟಿ, ಕುಂಬಳಕಾಯಿ ಕರಿ, ಬೇಕಾದವರಿಗೆ ಕಾಚಂಪುಳಿ ಎಂಬ ಹುಳಿರಸ ಹಾಕಿದ ಪಂದಿ (ಹಂದಿಮಾಂಸದ) ಕರಿ. ಬಿಸಿಯಾಗಿತ್ತು, ಧಾರಾಳವಾಗಿತ್ತು. ಅರಸರ ಸಮಾಧಿಗಳಿರುವ ಗದ್ದಿಗೆಯನ್ನೂ ಓಂಕಾರೇಶ್ವರ ದೇವಸ್ಥಾನವನ್ನೂ ಊಟದ ನಂತರ ಬೇಗನೆ ನೋಡಿದೆವು. ಮೆಟ್ಟಿಲು ಹತ್ತಲಾರದವರು ಮೊದಲೇ ತಿಳಿಸಿದರೆ ಆಟೋದ ಏರ್ಪಾಡಿದೆ.

ಕೊನೆಯ ಎರಡು ಗಂಟೆ ಸನ್ನಿಸೈಡ್. ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಈ ಮನೆ 2021ರ ಫೆಬ್ರುವರಿಯಿಂದ ವಸ್ತುಸಂಗ್ರಹಾಲಯವಾಗಿದೆ. ಅಂಗಳದಲ್ಲಿ ಟ್ಯಾಂಕಿನ ಮುಂದೆ ಚಿತ್ರ ತೆಗೆಸಿಕೊಳ್ಳುವ ಮಕ್ಕಳ ಸಾಲು. ಇಲ್ಲಿ ಮೇಷ್ಟ್ರು ಮತ್ತೆ ತಮ್ಮ ಲಯ ಹಿಡಿದರು. 1945ರ ಜನವರಿಯಲ್ಲಿ ಬರ್ಮಾದ ಅರಕಾನ್ ತೀರದ ಕಂಗಾವ್‌ನಲ್ಲಿ ಜಪಾನೀಯರ ವಿರುದ್ಧ ಕಾದಿದ ದಳದ ಮೂರು ಬೆಟಾಲಿಯನ್ನುಗಳಿಗೂ ಭಾರತೀಯರೇ ನಾಯಕರಾಗಿದ್ದರು: ತಿಮ್ಮಯ್ಯ, ಥೋರಟ್ ಮತ್ತು ಸೇನ್. ಅದೇ ಹೊತ್ತಿನಲ್ಲಿ ತಿಮ್ಮಯ್ಯನವರ ಸ್ವಂತ ಅಣ್ಣ ಸುಭಾಷರ ಆಜಾದ್ ಹಿಂದ್ ಫೌಜಿನಲ್ಲಿದ್ದರು. ಇದನ್ನು ಹೇಳಿ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಾದರು. ಗುಂಪಿನಲ್ಲಿದ್ದ ಸೋಮವಾರಪೇಟೆಯ ನಿವೃತ್ತ ಸುಬೇದಾರರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಬ್ರಿಟಿಷರ ಸಮವಸ್ತ್ರ ತೊಟ್ಟು ಜಪಾನಿನ ಸಾಮ್ರಾಜ್ಯದ ವಿರುದ್ಧ ಹೋರಾಡಿದವನೂ, ಜಪಾನಿನ ನೆರವಿನಿಂದ ಬ್ರಿಟಿಷರ ವಿರುದ್ಧ ಹೋರಾಡಿದವನೂ ಒಂದೇ ತಾಯಿಯ ಮಕ್ಕಳು. ಏಷ್ಯಾದ ಪಾಲಿಗೆ ಆ ಯುದ್ಧ ಏನಾಗಿತ್ತೆಂದು ತರಗತಿಯಲ್ಲಿ ನಾನು ನಾಲ್ಕು ಪಾಠಗಳಲ್ಲಿ ಹೇಳಿದರೂ ಇಷ್ಟು ನೇರವಾಗಿ ತಲುಪಿಸಿಲ್ಲ.

ಕೊರಿಯಾದ ಭಾಗವೂ ಅಷ್ಟೇ ಚೆನ್ನ. 1953ರಲ್ಲಿ ತಿಮ್ಮಯ್ಯನವರು ಅಧ್ಯಕ್ಷರಾಗಿದ್ದ ತಟಸ್ಥ ರಾಷ್ಟ್ರಗಳ ಆಯೋಗದ ಮುಂದೆ ಇದ್ದದ್ದು, ತಮ್ಮ ದೇಶಗಳಿಗೆ ಮರಳಲು ಒಲ್ಲೆನೆಂದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಚೀನೀ ಹಾಗೂ ಉತ್ತರ ಕೊರಿಯಾದ ಯುದ್ಧಕೈದಿಗಳ ಪ್ರಶ್ನೆ. ಕ್ರಾಂತಿ ನಡೆದ ನಾಡಿಗೆ ಹಿಂತಿರುಗುವುದೋ ಬೇಡವೋ ಎಂಬ ಆ ಸಾವಿರಾರು ಮಂದಿಯ ತೀರ್ಮಾನವನ್ನು ಬಲವಂತವಿಲ್ಲದೆ ಕೇಳಿ ತಿಳಿಯುವ ಹೊಣೆ ಮಡಿಕೇರಿಯ ಈ ಮನೆಯವರ ಮೇಲೆ ಬಿದ್ದಿತ್ತು. 1965ರ ಡಿಸೆಂಬರಿನಲ್ಲಿ ಅವರು ತೀರಿಕೊಂಡದ್ದು ಸೈಪ್ರಸ್‌ನಲ್ಲಿ, ಬ್ರಿಟಿಷರಿಂದ ಬಿಡುಗಡೆಯಾಗಿ ಐದೇ ವರ್ಷವಾಗಿದ್ದ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ನಡೆಸುತ್ತಿದ್ದಾಗ.

ಇನ್ನೊಂದು ಕೊರತೆಯನ್ನೂ ಹೇಳಬೇಕು. 1854ರಲ್ಲಿ ಮಡಿಕೇರಿಯ ಬಳಿ ಮೊದಲ ಯೂರೋಪಿಯನ್ ಕಾಫಿ ತೋಟ ಎದ್ದ ಮೇಲೆ ಇಲ್ಲಿನ ಬೆಟ್ಟಗಳ ರೂಪವೇ ಬದಲಾಯಿತು. ಆದರೂ ತೋಟದ ಲೈನ್‌ಮನೆಗಳ ಕೂಲಿಯವರ ಬಗ್ಗೆ, ಎರವರು, ಕುರುಬರೆಂಬ ಬುಡಕಟ್ಟಿನವರ ಬಗ್ಗೆ ಇಡೀ ದಿನ ಒಂದು ಮಾತೂ ಬರಲಿಲ್ಲ. ನಕ್ಷೆಯ ಮೇಲೆ ಕೊಡಗಿಗೆ ಗುರುತಾಗಿ ಕಾಫಿಬೀಜವನ್ನೇ ಅಂಟಿಸಿದವರು ಆ ಬೀಜವನ್ನು ಕೊಯ್ದ ಕೈಗಳನ್ನು ಮರೆಯಬಾರದಿತ್ತು.

ಹಣ ಕೊಡುವಾಗ ಈ ಎರಡೂ ಮಾತುಗಳನ್ನು ಮೇಷ್ಟ್ರಿಗೆ ನೇರವಾಗಿಯೇ ಹೇಳಿದೆ. ಅವರು ಬೇಸರಿಸಿಕೊಳ್ಳದೆ ಪುಟ್ಟ ಪುಸ್ತಕವೊಂದರಲ್ಲಿ ಬರೆದುಕೊಂಡರು. ಮಕ್ಕಳನ್ನು ಕರೆದುಕೊಂಡು ಬರುವುದಾದರೆ ಕೋಟೆಯಲ್ಲಿ 1837ಕ್ಕೆ ಒಂದು ಗಂಟೆ ಕೊಡುತ್ತೇನೆ, ಪದಕದ ವಿಷಯವನ್ನೂ ಹೇಳುತ್ತೇನೆ, ಆದರೆ ಆಗ ನೀವೂ ನನ್ನ ಪಕ್ಕದಲ್ಲಿ ನಿಲ್ಲಬೇಕು ಎಂದರು. ಮುಂದಿನ ಅಕ್ಟೋಬರ್ 31ಕ್ಕೆ ಮೂವತ್ತು ವಿದ್ಯಾರ್ಥಿಗಳ ಹೆಸರನ್ನು, ಮೂರು ಗುಂಪುಗಳಾಗಿ, ಬರೆಸಿ ಬಂದಿದ್ದೇನೆ.