ಹಳೇ ಕಾರಿನ ಮಂಕು ಹೆಡ್‌ಲೈಟ್‌ಗೆ ಮತ್ತೆ ಬೆಳಕು ಬಂತು

ನಮ್ಮ ಸ್ವಿಫ್ಟ್ 2009ರದ್ದು. ಹೆಡ್‌ಲೈಟ್ ಎರಡೂ ಹಳದಿಯಾಗಿ ಮಂಕಾಗಿದ್ದವು. ರಾತ್ರಿ ಮಂಡ್ಯದ ಒಳದಾರಿಯಲ್ಲಿ ಬರುವಾಗ, ಮುಂದೆ ಲೈಟೇ ಇಲ್ಲದ ಕಬ್ಬಿನ ಗಾಡಿ ಇದ್ದರೆ ತೀರಾ ಹತ್ತಿರ ಹೋಗುವವರೆಗೂ ಕಾಣುತ್ತಿರಲಿಲ್ಲ, ಒಂದು ಸಲವಂತೂ ಬ್ರೇಕ್ ಒತ್ತಿದಾಗ ಎದೆ ಝಲ್ ಅಂದಿತು. ಬಲ್ಬ್ ಬದಲಾಯಿಸಿದೆ, ಸುಮ್ನೆ ದುಡ್ಡು ದಂಡ. ಇನ್ನೊಂದು ಕಡೆ ಬರೀ ಪಾಲಿಶ್ ಹೊಡೆದು ಕಳಿಸಿದರು. ಎರಡೇ ತಿಂಗಳಿಗೆ ಮತ್ತೆ ಹಳದಿ.

ಕೊನೆಗೆ ಮೈಸೂರಿನ ಬನ್ನಿಮಂಟಪದ ಕಡೆ ಒಂದು ಚಿಕ್ಕ ಗ್ಯಾರೇಜಿಗೆ ಹೋದೆ. "ಸರ್, ಇದು ಗಾಜಲ್ಲ, ಪಾಲಿಕಾರ್ಬೊನೇಟ್ ಅನ್ನೋ ಗಟ್ಟಿ ಪ್ಲಾಸ್ಟಿಕ್. ಬಿಸಿಲಿಗೆ ಮೇಲಿನ ಕೋಟಿಂಗ್ ಹೋಗಿದೆ, ಅದನ್ನ ಪೂರ್ತಿ ತೆಗೆದು ಹೊಸದು ಹಾಕಬೇಕು" ಅಂದರು ಮೆಕ್ಯಾನಿಕ್. ಸುತ್ತಲಿನ ಪೇಂಟ್‌ಗೆ ಟೇಪ್ ಅಂಟಿಸಿ, ನೀರು ಹಾಕುತ್ತಾ 800, 1500, 2000, ಆಮೇಲೆ 3000 ನಂಬರಿನ ವಾಟರ್ ಪೇಪರ್‌ನಲ್ಲಿ (ಒದ್ದೆ ಮಾಡಿ ಉಜ್ಜುವ ಸ್ಯಾಂಡ್ ಪೇಪರ್, ನಂಬರ್ ಹೆಚ್ಚಾದಷ್ಟೂ ನಯ) ಉಜ್ಜಿದರು. ಮೊದಲ ಸುತ್ತಿಗೆ ಲೆನ್ಸ್ ಇನ್ನೂ ಬೆಳ್ಳಗೆ ಮಂಕಾಯಿತು, ನನಗೆ ನಿಜಕ್ಕೂ ಗಾಬರಿ. ಕಾಂಪೌಂಡ್ ಅನ್ನುವ ಪಾಲಿಶ್ ಪೇಸ್ಟ್ ಹಾಕಿ ಉಜ್ಜಿ ಹೊಳಪು ಬರಿಸಿದ ಮೇಲೆ ನೋಡಬೇಕಿತ್ತು, ಒಳಗಿನ ಬಲ್ಬ್ ಸ್ಪಷ್ಟವಾಗಿ ಕಾಣುತ್ತಿತ್ತು! ಕೊನೆಗೆ ಯುವಿ ಕ್ಲಿಯರ್ ಕೋಟ್, ಅಂದರೆ ಬಿಸಿಲಿನ ಕಿರಣ ತಡೆಯುವ ಪಾರದರ್ಶಕ ಕೋಟಿಂಗ್. ಇದೇ ಮುಖ್ಯ, ಇದಿಲ್ಲದಿದ್ದರೆ ಮತ್ತೆ ಬೇಗ ಹಳದಿಯಾಗುತ್ತದೆ.

ಎರಡಕ್ಕೂ ಸೇರಿ 1,200 ರೂಪಾಯಿ. ಹೊಸ ಜೋಡಿಗೆ ಇದಕ್ಕಿಂತ ತುಂಬಾ ಜಾಸ್ತಿ ಆಗುತ್ತಿತ್ತು. ಎಡಗಡೆ ಲೈಟಿನ ಒಳಗೆ ಸ್ವಲ್ಪ ಕಲೆ ಉಳಿದಿದೆ, ಅದು ಹೊರಗಿಂದ ಉಜ್ಜಿದರೆ ಹೋಗಲ್ಲ ಅಂತ ಅವರು ಮೊದಲೇ ಹೇಳಿದ್ದರು. ಆ ಮಾತು ನನಗೆ ತುಂಬಾ ಹಿಡಿಸಿತು. ಹೇಳಿದ ಹೊತ್ತಿಗಿಂತ ಎರಡು ಗಂಟೆ ತಡವಾಯಿತು, ಹಾಗಾಗಿ ಬೆಳಗ್ಗೆಯೇ ಹೋಗಿ.